ಹತ್ತು ಕೆಜಿ ಅವರೆಕಾಯಿ

ಡಿಸೆಂಬರ್ ಮೂವತ್ತೊಂದರ ಸಂಜೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿಯ ಮುಂದೆ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಅತ್ತೆ, ಸೊಸೆ ಇಬ್ಬರು ಕಾಯಿ ಆರಿಸುತ್ತಿದ್ದರು.

“ಐದು ಕೆಜಿ ಯಾಕತ್ತೆ? ನಾವಿರೋದೇ ಮೂರು ಜನ. ಹಿತುಕಿದ ಬೇಳೆನೇ ಸಿಗುತ್ತೆ, ಅರ್ಧ ಕೆಜಿ ಸಾಕು.”

“ಹೋದ್ ವರ್ಷ ಹತ್ತು ಕೆಜಿ ತಗೊಂಡಿದ್ವಿ ಕಣೇ.”

“ಆಗ ಮಹಡಿಯಿಂದ ಭಾವ, ಅಕ್ಕ, ಮಕ್ಕಳು ಎಲ್ಲಾ ಇಳಿದು ಬಂದು ಹಿತುಕಿದ್ರು. ಈಗ ಅಣ್ಣ ತಮ್ಮ ಮಾತಾಡ್ತಾರಾ?”

“ಕಾರ್ ನಿಲ್ಸೋ ಜಾಗಕ್ಕೆ ಜಗಳ ಆಡಿ ವರ್ಷವೆಲ್ಲಾ ಮುಖ ತಿರುಗಿಸ್ಕೊಂಡು ಓಡಾಡಿದ್ರು. ನಮ್ಮನೇಲಿ ಈ ವರ್ಷ ಆಗಿದ್ದು ಅದೊಂದೇ.”

“ನಿಮ್ಮ ಮಗ ನಾಳೆಯಿಂದ ವಾಕಿಂಗ್ ಹೋಗ್ತಾರಂತೆ. ಕೋಪ ಕಮ್ಮಿ ಆಗುತ್ತಂತೆ.”

“ವಾಕಿಂಗ್ ಆಮೇಲೆ. ಮೊದ್ಲು ಮಹಡಿ ಮೆಟ್ಲು ಹತ್ಲಿ.”

“ಇವ್ರಾ? ಭಾವನ್ನ ಕರೆಯೋಕಾ?”

“ನಾಳೆ ನೀನೂ ನಾನೂ ಬೇಳೆ ಹಿತುಕೋಕೆ ಕೂರೋದು ಬೇಡ. ಬೆರಳು ನೋವು ಅನ್ನೋಣ. ಹಿತುಕಿದ ಬೇಳೆ ಸಾರಿಲ್ದೆ ಅವನಿಗೆ ಹೊಸ ವರ್ಷನೇ ಅಲ್ಲ. ನೆನೆಸಿದ ಕಾಳಿನ ಬೇಸಿನ್ ಮುಂದೆ ಒಬ್ಬನೇ ಎಷ್ಟೊತ್ತು ಕೂರ್ತಾನೆ? ತಾನೇ ಹತ್ತಿ ಹೋಗಿ ಕರೀತಾನೆ.”

“ಐದು ಕೆಜಿ ಆದ್ರೆ ಹಟ ಮಾಡಿ ಒಬ್ಬರೇ ಮುಗಿಸ್ಬಿಡ್ತಾರೆ, ಅತ್ತೆ.”

ಸೊಸೆ ಅಂಗಡಿಯವನ ಕಡೆ ತಿರುಗಿದಳು.

“ಅಣ್ಣಾ, ಐದಲ್ಲ. ಹತ್ತು ಹಾಕಿ.”

ಚೀಲದ ಒಂದೊಂದು ಹಿಡಿಯನ್ನು ಒಬ್ಬೊಬ್ಬರು ಹಿಡಿದುಕೊಂಡು ಆಟೋ ಹುಡುಕುತ್ತಾ ಹೊರಟರು.