ಪಕ್ಕದವರು ಬಂದ್ರಾ?

ನಮ್ಮ ಹಿಂದಿನ ಬೀದಿಯ ಟೈಲರಮ್ಮ ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋಗುವುದನ್ನು ಒಂದು ಸಲ ನೋಡಿ. ಕೂಗಿದರೆ ತಿರುಗಿ ಕೂಗುವ ಆ ಹಳೇ ಬಾವಿಯ ಪಕ್ಕದಲ್ಲಿ ಹಾದು ಹೋದರೆ ಐದೇ ನಿಮಿಷ. ಅವಳು ಆ ಕಡೆ ತಲೆ ಹಾಕುವುದಿಲ್ಲ. ಚಪ್ಪಲಿ ಸವೆಸಿಕೊಂಡು ದೊಡ್ಡ ರಸ್ತೆ ಸುತ್ತಿ ಹೋಗುತ್ತಾಳೆ. ಬಾವಿಗೆ ಚಪ್ಪಡಿ ಮುಚ್ಚಿ ಎಷ್ಟೋ ವರ್ಷ ಆಯಿತು... ಆದರೂ ಅಷ್ಟೇ. ಯಾಕಮ್ಮ ಅಂದರೆ ಮಾತು ಮರೆಸುತ್ತಾಳೆ. ನನಗೆ ಗೊತ್ತು, ಹೇಳುತ್ತೇನೆ. ನಡುವೆ ಯಾರೂ ಎದ್ದು ಹೋಗಬೇಡಿ.

ಅವಳಿಗೊಬ್ಬಳು ಓರಗಿತ್ತಿ ಇದ್ದಳು, ಗಂಡನ ತಮ್ಮನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಎಣ್ಣೆ ಸೀಗೆಕಾಯಿ ಸಂಬಂಧ. ಚಿಕ್ಕವಳಿಗೆ ನಾಲಿಗೆ ಉದ್ದ, ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಟೈಲರಮ್ಮನದು ಮಾತು ಕಮ್ಮಿ, ನೆನಪು ಜಾಸ್ತಿ. ಅಂಥವರಿಗೇ ಹೆದರಬೇಕು.

ಇಬ್ಬರೂ ಒಂದು ಸೋಮವಾರ ರಾತ್ರಿ ಟೂರ್ ಬಸ್ಸು ಹತ್ತಿದರು. ದಕ್ಷಿಣದ ಹಳೇ ರಾಜಧಾನಿ ನೋಡಿ ಬರುವುದಕ್ಕೆ. ಮೂವತ್ತು ಜನ, ಒಬ್ಬ ಮ್ಯಾನೇಜರು. ಹಿಂದೊಮ್ಮೆ ಈ ಮ್ಯಾನೇಜರು ತಲೆ ಎಣಿಸುವಾಗ ಬೇರೆ ಬಸ್ಸಿನವನೊಬ್ಬನನ್ನು ಸೇರಿಸಿ ಎಣಿಸಿ, ತನ್ನವನನ್ನು ಬಿಟ್ಟು ಬಂದಿದ್ದನಂತೆ. ಅವತ್ತಿನಿಂದ ಅವನದೇ ಒಂದು ಪದ್ಧತಿ.

"ನಾನು ಸೀಟ್ ನಂಬರ್ ಕೂಗ್ತೀನಿ. ನಿಮ್ಮ ಬಗ್ಗೆ ನೀವು ಹೇಳೋ ಹಾಗಿಲ್ಲ. ಪಕ್ಕದವರು ಬಂದ್ರಾ ಇಲ್ವಾ, ಅಷ್ಟು ಹೇಳಿ. ಇಬ್ಬರಲ್ಲಿ ಒಬ್ಬರು ಹೇಳಿದ್ರೆ ಸಾಕು. ಹೇಳಿದವರಂತೂ ಇದ್ದೇ ಇರ್ತಾರಲ್ಲ!"

ಎಲ್ಲರೂ ನಕ್ಕರು. ಲೆಕ್ಕ ಸರಿಯಾಗೇ ಇತ್ತು ನೋಡಿ.

ಮಂಗಳವಾರ ಅರಮನೆ. ದೊಡ್ಡ ದರ್ಬಾರು ಹಾಲು, ಗೋಡೆ ಉದ್ದಕ್ಕೂ ಆಳೆತ್ತರದ ಕನ್ನಡಿ. ಟೈಲರಮ್ಮ ಸ್ವಲ್ಪ ಮೈ ಕೈ ತುಂಬಿಕೊಂಡವಳು. ಕನ್ನಡಿ ಮುಂದೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಚಿಕ್ಕವಳು ಎಲ್ಲರಿಗೂ ಕೇಳುವ ಹಾಗೆ, "ಊರಿಗೆಲ್ಲ ಅಳತೆ ತೆಗೀತಾಳೆ ನಮ್ಮಕ್ಕ. ಅವಳ ಅಳತೆ ತೆಗೀಬೇಕಾದ್ರೆ ಮಾತ್ರ ಎರಡು ಟೇಪು ಗಂಟು ಹಾಕ್ಬೇಕು!" ಅಂದಳು. ಮೂವತ್ತು ಜನರ ನಗು ಆ ಹಾಲಿನಲ್ಲಿ ಮುನ್ನೂರು ಜನರ ನಗುವಾಯಿತು. ಚಿಕ್ಕವಳು ಆಗಲೇ ಮರೆತಳು. ಟೈಲರಮ್ಮ ಮರೆಯಲಿಲ್ಲ.

ಕೊನೆಗೆ ನೋಡಿದ್ದು ಕೋಟೆ. ಹಿಂಬಾಗಿಲ ಒಳಗೇ ನೆಲದಡಿಯಲ್ಲೊಂದು ಕೊಳ, ಎಪ್ಪತ್ತು ಮೆಟ್ಟಿಲು ಕೆಳಗೆ. ಆರು ಗಂಟೆಗೆ ಬೀಗ. ಎಲ್ಲರೂ ನೋಡಿ ಹೊರಗೆ ಬಂದಿದ್ದರು. ಚಿಕ್ಕವಳು ತನ್ನ ಬ್ಯಾಗನ್ನು, ಫೋನೂ ಅದರೊಳಗೇ, ಟೈಲರಮ್ಮನ ಕೈಗಿಟ್ಟಳು.

"ಅಕ್ಕ, ಹಿಡ್ಕೊಂಡಿರು. ಕೆಳಗೆ ನಿಂತು ಕೂಗಿದ್ರೆ ವಾಪಸ್ ಕೂಗುತ್ತಂತೆ. ಒಂದೇ ನಿಮಿಷ."

ಪಟಪಟ ಇಳಿದು ಹೋದಳು. ಕೆಳಗಿನಿಂದ, "ಅಕ್ಕಾ..." ಅಂತ ಕೂಗಿದ್ದು ಕೇಳಿಸಿತು. ಆಮೇಲೆ, ತುಸು ತಡೆದು, ಇನ್ನೊಂದು "ಅಕ್ಕಾ..." ಅದರ ಹಿಂದೆ ಏನೋ ಜಾರಿದ ಸದ್ದು. ಹೊರಗೆ ಮ್ಯಾನೇಜರ ಸೀಟಿ... ಪೀ... ಪೀ...

ಟೈಲರಮ್ಮ ಒಂದು ಗಳಿಗೆ ನಿಂತಳು. ಆಮೇಲೆ ಬ್ಯಾಗು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

"ಏಳು, ಎಂಟು! ಪಕ್ಕದವರು ಬಂದ್ರಾ?"

"ಬಂದಿದ್ದಾಳೆ."

ಕೊಲ್ಲುವ ಮನಸ್ಸೇನೂ ಇರಲಿಲ್ಲ. ಊರ ಹೊರಗೆ ಹತ್ತು ನಿಮಿಷಕ್ಕೆ ಟೀಗೆ ನಿಲ್ಲಿಸುತ್ತಾರೆ, ಆಗ ಅಯ್ಯಯ್ಯೋ ಅಂದರಾಯಿತು, ಅಷ್ಟು ಹೊತ್ತು ಕತ್ತಲಲ್ಲಿ ಕೂತು ಅಳಲಿ... ಇದು ಅವಳ ಲೆಕ್ಕ. ಆದರೆ ಹೊತ್ತಾಯಿತು ಅಂತ ಮ್ಯಾನೇಜರು ಟೀಗೆ ನಿಲ್ಲಿಸಲೇ ಇಲ್ಲ. ನಿಲ್ಲಿಸಿ ಅಂತ ಹೇಳುವುದಕ್ಕೆ ಬಾಯಿ ತೆರೆದರೆ, ಬಂದಿದ್ದಾಳೆ ಅಂತ ಯಾಕೆ ಅಂದೆ ಅಂತ ಕೇಳುತ್ತಾರಲ್ಲ! ಇಷ್ಟು ಜನರ ಮುಂದೆ... ಈಗ ಹೇಳಲಾ, ಆಗ ಹೇಳಲಾ ಅನ್ನುತ್ತಲೇ ಎರಡು ಗಂಟೆ ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತಾರಲ್ಲ, ಹಾಗೆ.

ರಾತ್ರಿ ಊಟಕ್ಕೆ ಒಂದು ಕಡೆ ನಿಲ್ಲಿಸಿದರು. ಮತ್ತೆ ಹೊರಡುವಾಗ ದೀಪ ಆರಿಸಿದ್ದರು. ಮ್ಯಾನೇಜರು ಮುಂದೆ ನಿಂತು ಕೂಗಿದ.

"ಏಳು, ಎಂಟು. ಪಕ್ಕದವರು ಬಂದ್ರಾ?"

ಈಗ ಹೇಳಿಬಿಡಬೇಕು ಅಂತ ಟೈಲರಮ್ಮ ಎದ್ದು ನಿಂತಳು. ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಪಕ್ಕದಿಂದ... ಕಿಟಕಿ ಸೀಟಿನಿಂದ...

"ಅಕ್ಕ ಬಂದಿದ್ದಾಳೆ ಸಾರ್."

ಚಿಕ್ಕವಳದೇ ದನಿ. ಕತ್ತಲಲ್ಲಿ ತಲೆತುಂಬ ಸೆರಗು ಹೊದ್ದು, ಮುಖ ಕಿಟಕಿಗೆ ತಿರುಗಿಸಿ ಕೂತಿದೆ. ಗಾಜು ಗಡಗಡ ಅನ್ನುತ್ತಿತ್ತು. ಉಸಿರಾಟದ ಸದ್ದು ಮಾತ್ರ ಇಲ್ಲ. ಟೈಲರಮ್ಮ ತೋಳು ಮುಟ್ಟಿದಳು... ಮುಟ್ಟಿದ ಕೈ ಕೂಡಲೇ ತೆಗೆದಳು.

"ಸಾರ್! ಇವಳಲ್ಲ! ನಮ್ಮವಳು ಕೋಟೆಯಲ್ಲೇ ಉಳಿದಿದ್ದಾಳೆ, ಬಸ್ಸು ತಿರುಗ್ಸಿ!"

"ಏನಮ್ಮ ಇದು? ಈಗ ತಾನೇ ಅವರೇ ಹೇಳಿದ್ರು. ಮಾತಾಡಿದವರು ಇಲ್ಲ ಅಂದ್ರೆ ಹೇಗೆ?"

"ಬೆಳಗ್ಗೆಯಿಂದ ನೋಡ್ತಾ ಇದ್ದೀವಿ ನಿಮ್ಮಿಬ್ಬರ ಜಗಳ," ಹಿಂದಿನ ಸೀಟಿನ ಮೇಷ್ಟ್ರು ಗೊಣಗಿದರು. "ಮಲಗೋಕೆ ಬಿಡ್ರಮ್ಮ."

ಅವಳು ಮೈದುನನಿಗೆ ಫೋನು ಹಚ್ಚಿದಳು. ಅವನು ಮ್ಯಾನೇಜರಿಗೆ ಕೊಡಿ ಅಂದ. ಮ್ಯಾನೇಜರು ಫೋನನ್ನು ಕಿಟಕಿ ಸೀಟಿನವಳ ಕಿವಿಗೆ ಹಿಡಿದ.

"ಹೂಂ ರೀ... ಇದ್ದೀನಿ."

"ಅತ್ತಿಗೆ, ಟೂರಿಗೆ ಹೋದಾಗಲೂ ಅವಳನ್ನ ನೆಮ್ಮದಿಯಾಗಿ ಬಿಡಲ್ವಾ?" ಅಂತ ಮೈದುನ ಫೋನಿಟ್ಟ.

ಬೇಕೆಂದೇ ಬಿಟ್ಟು ಬಂದೆ, ಸುಳ್ಳು ಹೇಳಿದೆ... ಈ ಎರಡು ಮಾತು ಆಡಿದ್ದರೆ ಯಾರಾದರೂ ಒಬ್ಬರು ಕಿವಿ ಕೊಡುತ್ತಿದ್ದರೋ ಏನೋ. ಆಡಲಿಲ್ಲ ಪುಣ್ಯಾತ್ಗಿತ್ತಿ. ಬೆಳಗಿನವರೆಗೆ ಡ್ರೈವರ್ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದಳು.

ಬುಧವಾರ ಬೆಳಗಿನ ಜಾವ ನಮ್ಮ ಬೀದಿ ತುದಿಯಲ್ಲಿ ಬಸ್ಸು ನಿಂತಿತು. ಅವಳು ಹಿಂದೆ ನೋಡದೆ ಮನೆಗೆ ಓಡಿದಳು. ಚಿಕ್ಕವಳು ಬರಲಿಲ್ಲ. ಮೈದುನ ಮ್ಯಾನೇಜರಿಗೆ ಕೇಳಿದರೆ, "ಇಬ್ಬರೂ ಇಳಿದ್ರಲ್ಲ ಸಾರ್!" ಅಂದ ಅವನು. "ನಿಮ್ಮ ಕಾಟ ತಡೀಲಾರದೆ ತವರಿಗೆ ಹೋಗಿರ್ತಾಳೆ," ಅಂದ ಮೈದುನ. ಟೈಲರಮ್ಮ ಠಾಣೆಗೆ ಹೋದರೆ ಅಲ್ಲೂ ನಕ್ಕರು. "ಇಲ್ಲಿ ಬಸ್ಸಿಳಿದವರನ್ನ ಅಲ್ಲಿ ಕೋಟೆಯಲ್ಲಿ ಹುಡುಕೋದಾ? ಅದೂ ಬುಧವಾರ ಕೋಟೆಗೆ ರಜ."

ಸಂಜೆ ಬಸ್ಸು ಹಿಡಿದು ಒಬ್ಬಳೇ ಹೊರಟಳು. ಗುರುವಾರ ಬೆಳಗ್ಗೆ ಐದೂವರೆಗೆ ಕೋಟೆಯ ಹಿಂಬಾಗಿಲ ಮುಂದೆ ಇದ್ದಳು. ದಪ್ಪ ಮರದ ಬಾಗಿಲು, ಹೊರಗಿನಿಂದ ಬೀಗ. ನರಪಿಳ್ಳೆ ಇಲ್ಲ. ಬಾಗಿಲಿಗೆ ಕಿವಿ ಇಟ್ಟಳು. ಒಳಗೆ ಕರ್... ಕರ್... ಅಂತ ಉಗುರಿನ ಸದ್ದು.

"ಯಾ... ಯಾರು?"

"ನಾನೇ ಅಕ್ಕಾ... ಇದ್ದೀನಿ..."

ಅದೇ ದನಿ. ಬಸ್ಸಿನಲ್ಲಿ ಕೇಳಿದ್ದ ದನಿಯೇ. ಟೈಲರಮ್ಮ ಹಿಂದಕ್ಕೆ ನೆಗೆದಳು. ಅದು ಇಲ್ಲಿಗೂ ಬಂತು ಅಂತ ರಸ್ತೆ ದಾಟಿ ಓಡಿ, ಎದುರಿನ ಕಟ್ಟೆಯ ಮೇಲೆ ಮುದುರಿ ಕೂತಳು. "ಅಕ್ಕಾ... ಬಾಗಿಲು..." ಅಂತ ಅಲ್ಲಿಗೂ ಸಣ್ಣಗೆ ಕೇಳುತ್ತಿತ್ತು. ಸೆರಗಿನ ತುದಿಯನ್ನು ಕಿವಿಗೆ ತುರುಕಿಕೊಂಡಳು. ಎಂಟರ ಸುಮಾರಿಗೆ ಸದ್ದು ನಿಂತಿತು. ಬಿಟ್ಟು ಹೋಯಿತು ಅಂತ ನಿಟ್ಟುಸಿರು ಬಿಟ್ಟಳಂತೆ.

ಒಂಬತ್ತಕ್ಕೆ ಕಾವಲುಗಾರ ಬಂದು ಬೀಗ ತೆಗೆದ. ಬಾಗಿಲು ಒಳಕ್ಕೆ ಹೋಗಲಿಲ್ಲ. ಏನೋ ಒತ್ತಿಕೊಂಡಿತ್ತು. ಇಬ್ಬರೂ ಸೇರಿ ದೂಡಿದರು.

ಬಾಗಿಲಿಗೆ ಒರಗಿಯೇ ಬಿದ್ದಿದ್ದಳು ಚಿಕ್ಕವಳು. ಮುರಿದ ಕಾಲು ಎಳೆದುಕೊಂಡು ಎಪ್ಪತ್ತು ಮೆಟ್ಟಿಲು ತೆವಳಿ ಬಂದಿದ್ದಳು. ಉಗುರೆಲ್ಲ ಕಿತ್ತು ಹೋಗಿತ್ತು. ಟೈಲರಮ್ಮ ಮುಟ್ಟಿ ನೋಡಿದಳು. ಉಸಿರಿರಲಿಲ್ಲ, ಆದರೆ ಮೈ ಇನ್ನೂ ಬೆಚ್ಚಗಿತ್ತು.

ಮುಟ್ಟಿದ ಆ ಕೈಯನ್ನು ಅವಳು ಈಗಲೂ ಆಗಾಗ ಸೀರೆಗೆ ಒರೆಸಿಕೊಳ್ಳುತ್ತಾಳೆ, ಗಮನಿಸಿ. ಬಸ್ಸಿನಲ್ಲಿ ಬಂದದ್ದು ಏನು ಅಂತ ನನ್ನ ಕೇಳಬೇಡಿ, ನನಗೆ ಗೊತ್ತಿಲ್ಲ. ಕಟ್ಟುಕತೆ ಅನ್ನುವವರು ಠಾಣೆಗೆ ಹೋಗಿ ಕಾಗದ ತೆಗೆಸಿ ನೋಡಲಿ. ಉಳಿದ ಇಪ್ಪತ್ತೆಂಟು ಜನವೂ ಒಂದೇ ಮಾತು ಬರೆದು ಸಹಿ ಹಾಕಿದ್ದಾರೆ. ಇಬ್ಬರು ಇಳಿದರು, ಹಿಂದೆ ಇಳಿದವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ.