ಕೊನೇ ಸಾಲು ಹೇಳದೆ ಹೋದವನು

ಸುಳ್ಳು ಅಂದ್ಕೊಳ್ಳೋರು ಈಗ್ಲೇ ಎದ್ದು ಹೋಗಿ, ನನಗೇನೂ ಬೇಜಾರಿಲ್ಲ. ಇಂಗ್ಲೆಂಡಲ್ಲಿ, ನಮ್ಮ ಸಫೋಕ್‌ನಲ್ಲೇ, ಪಕ್ಕದ ಮನೆ ಮೇವಿಸ್‌ಗೆ ಆಗಿದ್ದಿದು.

ಆ ರಾತ್ರಿ ಅವಳು ಪಬ್ಬಿಂದ ಒಬ್ಬಳೇ ಬರ್ತಿದ್ದಳು, ಬಾವಿ ದಾರೀಲಿ. ಕೈಯಲ್ಲಿ ಟೇಪ್ ರೆಕಾರ್ಡರು. ಮನೇಲಿ ಅವಳ ತಾಯಿ ಡಲ್ಸಿ ಅಜ್ಜಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿತ್ತು. ಪಕ್ಕದಲ್ಲಿ ನಾನು ಕೂತಿದ್ದೆ. ಅಜ್ಜಿಗೆ ಒಂದೇ ಆಸೆ, ತನ್ನಪ್ಪನ ಹೆಸರು ತಿಳ್ಕೋಬೇಕು. ಹುಟ್ಟಿದೋರ ಹೆಸರು ಬರೆಯೋ ಚರ್ಚಿನ ಪುಸ್ತಕದಲ್ಲಿ ಆ ಜಾಗ ಖಾಲಿ. ಅವಳಮ್ಮ ಬಾಯಿ ಬಿಡದೇ ಸತ್ತಿದ್ದಳು.

ಹಳ್ಳಿ ಹಾಡು ಹುಡುಕ್ಕೊಂಡು ಬಂದೋರು ಯಾರೋ ಮೂವತ್ತು ವರ್ಷದ ಹಿಂದೆ ನಮ್ಮ ಪಬ್ಬಲ್ಲಿ ಮಾಡಿದ್ದ ಟೇಪು ಮೇವಿಸ್ ಕೈಗೆ ಸಿಕ್ಕಿತ್ತು. ಕೇಳಿದ್ದೇ ತಡ, ಅಜ್ಜಿ ಅತ್ತುಬಿಟ್ಟಳು. ಚಿಕ್ಕೋಳಿದ್ದಾಗ ಬೇಲಿ ಆಚೆ ನಿಂತು ತನಗೋಸ್ಕರ ಹಾಡ್ತಿದ್ದ ದನಿ ಇದೇ, ಅಪ್ಪನೇ ಇರ್ಬೇಕು ಅಂದಳು. ಡಬ್ಬಿ ಮೇಲೆ ಬರೆದಿದ್ದು ಇಷ್ಟೇ: ‘ಯಾರೋ ಕುರಿ ಕಾಯೋನು.’

ಅವನ್ಯಾರು ಅಂತ ಕೇಳೋಕೇ ಮೇವಿಸ್ ಪಬ್ಬಿಗೆ ಹೋಗಿದ್ದಳು. ಅಲ್ಲಿನ ಮುದುಕ ಜೇಬೆಜ್‌ಗೆ ಅವನ ನೆನಪಿತ್ತು. ನಮ್ಮ ಕಡೆ ಹಾಡಿನ ಕೊನೇ ಸಾಲು ಹಾಡೋದಿಲ್ಲ, ಮಾತಲ್ಲಿ ಹೇಳ್ತಾರೆ. ಆಗ್ಲೇ ಹಾಡು ಮುಗಿದ ಹಾಗೆ. ಈ ಹಾಡಲ್ಲಂತೂ ಆ ಸಾಲಲ್ಲಿ ಹಾಡಿದೋನು ತನ್ನ ಹೆಸರು ಹೇಳಬೇಕು.

“ಅಲ್ಲಿಗೆ ಬಂದು ನಿಲ್ಲಿಸಿಬಿಟ್ಟ ಕಣಮ್ಮ,” ಅಂದನಂತೆ ಜೇಬೆಜ್, ಪಿಸುದನೀಲಿ. “ಎದ್ದು ಹೋದ. ಬೆಳಿಗ್ಗೆ ಬಾವಿ ಹತ್ರ ಹೆಣ ಸಿಕ್ತು.”

ಯಾರು, ಎತ್ತ ಗೊತ್ತಿಲ್ಲ. ಊರೋರೇ ಅವನ ಮುಷ್ಟೀಲಿ ಒಂದಿಷ್ಟು ಉಣ್ಣೆ ಇಟ್ಟು ಹೂತರು. ಕುರಿ ಕಾಯೋರಿಗೆ ಇಲ್ಲಿ ಹಾಗೇ ಮಾಡೋದು.

ಇದನ್ನೆಲ್ಲ ಕೇಳ್ಕೊಂಡು ಮೇವಿಸ್ ಬರ್ತಿದ್ದಾಳೆ... ಬಾವಿ ಸರಪಳಿ ಕಿರ್ರ್ ಅಂತು. ಗಾಳಿ ಇರಲಿಲ್ಲ. ಟಕ್... ಟಕ್... ಮೊಳೆ ಹೊಡೆದ ಬೂಟಿನ ಸದ್ದು. ಆಮೇಲೆ ಅದೇ ಹಾಡು. ಟೇಪು ಆಫ್ ಆಗೇ ಇತ್ತು! ಕೊನೇ ಸಾಲಿಗೆ ಬಂದು... ನಿಂತಿತು.

ಮೇವಿಸ್ ಆ ಕಡೆ ತಿರುಗಿ ನಿಂತಳಂತೆ. ಕೇಳೇಬಿಟ್ಟಳು. “ಹೆಸರು ಹೇಳಿ.”

“ಯಾರಿಗೆ?” ಅಂತು ಅದೇ ದನಿ.

“ನಿಮ್ಮ ಡಲ್ಸಿಗೆ.”

ಟಕ್ ಟಕ್ ಟಕ್... ಸದ್ದು ಅವಳಿಗಿಂತ ಮುಂದೆ, ಅವಳ ಮನೆ ಕಡೆಗೇ ಹೋಯ್ತು.

ಇತ್ತ ಬಾಗಿಲಿಗೆ ನಾನೇ ಒಳಗಿಂದ ಚಿಲಕ ಹಾಕಿದ್ದೆ. ಅಜ್ಜಿ ಕಣ್ಣು ಬಿಟ್ಟಳು. ಯಾರೋ ಕಿವೀಲಿ ಹೇಳೋದನ್ನ ಕೇಳೋ ಹಾಗೆ ತಲೆ ವಾಲಿಸಿದಳು.

“ಇಷ್ಟು ಹೇಳೋಕೆ ಅಷ್ಟು ವರ್ಷ ಬೇಕಿತ್ತಾ ಅಪ್ಪಾ?”

ಅಷ್ಟೇ. ಹೋಗಿಬಿಟ್ಟಳು.

ಮೇವಿಸ್ ಏದುಸಿರು ಬಿಡ್ತಾ ಬಂದು, ದಾರೀಲಿ ಆಗಿದ್ದೆಲ್ಲ ಹೇಳಿ ಕೇಳಿದ್ದು ಒಂದೇ, ಹೆಸರೇನಂತೆ ಅಂತ. ನಾನೇನು ಹೇಳ್ಲಿ? ನನಗೆ ಕೇಳಿಸ್ಲಿಲ್ಲ. ಬಚ್ಚಿಡ್ತಿದ್ದೀನಿ ಅಂತ ಇವತ್ತಿಗೂ ಅವಳು ನನ್ನ ಮಾತಾಡ್ಸೋದಿಲ್ಲ.

ಆದರೆ ಅಜ್ಜಿ ಮುಷ್ಟಿ ಬಿಡಿಸಿದ್ದು ಈ ಕೈಗಳೇ. ಒಳಗೆ ಒಂದಿಷ್ಟು ಉಣ್ಣೆ ಇತ್ತು. ಒದ್ದೆ, ಮಣ್ಣು ಮೆತ್ತಿತ್ತು.