ಕೊಳ್ಳುವ ಮೊದಲೇ ಒಡೆದ ಕಾಯಿ

ಯಾದಗಿರಿ ಬಸ್ ನಿಲ್ದಾಣದಲ್ಲಿ ಸೈದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ಗಂಡ ಹೆಂಡತಿ, ನೆಂಟರ ನಿಶ್ಚಿತಾರ್ಥಕ್ಕೆ ಹೊರಟವರು. ರೇಷ್ಮೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಹೆಂಡತಿಯೇ ಶುರು ಮಾಡಿದಳು.

"ಕಾರು ತಗೊಂಡು ತಿಂಗಳಾಗಿಲ್ಲ, ಅದು ಗ್ಯಾರೇಜಿನ್ಯಾಗ ಕುಂತದ. ನಾವು ಇಲ್ಲಿ ಕುಂತೀವಿ."

"ಕ್ಲಚ್ ಹೋಗ್ಯಾದ. ನಾ ಏನ್ ಮಾಡ್ಲಿ?"

"ಹಳೀ ಗಾಡಿ, ಮೊದಲ ಓಡಿಸಿ ನೋಡ್ರಿ ಅಂತ ಬಡಕೊಂಡಿದ್ದೆ."

"ಓಡಿಸಿದ್ನಲ್ಲ! ಅಬ್ಬೆತುಮಕೂರು ಮಠಕ್ಕ ಹೋಗಿ ಬಂದೆ."

"ಮತ್ತ ಗೊತ್ತಾಗಲಿಲ್ಲೇನು?"

"ಗೊತ್ತಾತು. ವಾಪಸ್ ಬರೂ ಮುಂದ ಸುಟ್ಟ ವಾಸನಿ ಬಂತು. ಹಿಂದಿನ ಕಿಟಕಿ ಏರಲೇ ಇಲ್ಲ."

"ಆವಾಗಾದ್ರೂ ಬ್ಯಾಡ ಅಂತ ಹೇಳಿ ಕೀಲಿ ಕೊಟ್ಟು ಬರಬೇಕಿಲ್ರಿ?"

"ಹೆಂಗ ಬ್ಯಾಡ ಅನ್ನಲಿ? ಅಷ್ಟೊತ್ತಿಗೆ ಪೂಜಿ ಆಗಿತ್ತು. ಕಾಯಿ ಒಡದು, ಗಾಲಿ ಕೆಳಗ ನಿಂಬಿಹಣ್ಣು ಇಟ್ಟು ಹಾಯಿಸಿದ್ದೆ."

"ಮಂದಿ ಗಾಡಿಗಿ?"

"ಮಠದ ಮುಂದ ನಿಂತ ಗಾಡಿನ ಹಂಗ ತರಾಕ ಆಗ್ತದೇನು?"

"ನೋಡಾಕ ಹೋದವ್ರು ನೀವು, ತಾಳಿ ಕಟ್ಟೇ ಬಂದೀರಿ!"

"ಪೂಜಿ ಮಾಡಿದ್ದನ್ನ ತಿರುಗಿ ಕೊಟ್ರ ದೇವರು ಮೆಚ್ಚತಾನೇನು?"

"ವಾಸನಿ ತೋರಿಸಿದಾಂವನೂ ಆ ದೇವರೇ ಅಲ್ಲೇನ್ರಿ?"

ಅಷ್ಟರಲ್ಲಿ ಬಸ್ಸು ಬಂತು. ಗಂಡ ಎದ್ದು ಹೋಗಿ, ಹತ್ತುವ ಮುನ್ನ ರೂಢಿಯಂತೆ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಹಿಂದಿನಿಂದ ಹೆಂಡತಿ ಕೂಗಿದಳು:

"ಕೈ ಮುಗೀಬ್ಯಾಡ್ರಿ! ಇದನ್ನೂ ಮನಿಗಿ ತಂದೀರಿ!"